ಮುಟ್ಟು ನಿಲ್ಲುವ ವಯಸ್ಸು

ನನ್ನ ತಾಯಿಗೆ ನಲವತ್ತೆಂಟು ತುಂಬಿದ ವರ್ಷ. ಹಿತ್ತಲ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದವರು ನೆರೆಮನೆಯ ಹಿರಿಯಾಕೆಗೆ ಮೆಲ್ಲನೆ, “ನನಗೆ ನಿಂತುಹೋಯಿತು ಕಣ್ರೀ” ಎಂದರು. ಆಕೆ, “ಸದ್ಯ, ಒಂದು ಕಾಟ ಕಳೆಯಿತು ಬಿಡಿ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಅವರೆಕಾಯಿ ಸುಲಿಯುವುದು ಮುಂದುವರಿಯಿತು. ನಾನು ಆಗ ಪ್ರೌಢಶಾಲೆಯ ಹುಡುಗಿ. ಆ ವಾರವೇ ನಮ್ಮ ಪಂಡಿತರು ತರಗತಿಯಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳ ಪಾಠ ಮಾಡಿದ್ದರು. ಅಮ್ಮನ ವಾಕ್ಯದಲ್ಲಿ ಕ್ರಿಯಾಪದವಿತ್ತು, ಕರ್ತೃಪದವಿರಲಿಲ್ಲ. ನಿಂತದ್ದು ಯಾವುದು? ಕೇಳಿದ್ದರೆ ಬೈಗಳು ಬೀಳುತ್ತಿತ್ತೋ ಏನೋ, ನಾನು ಕೇಳಲಿಲ್ಲ.

ಮುಂದೆ ನಾನೇ ಕನ್ನಡ ಪಂಡಿತ ತರಬೇತಿ ಪಡೆದು, ಮೂವತ್ತು ವರ್ಷ ಮಕ್ಕಳ ವಾಕ್ಯಗಳನ್ನು ತಿದ್ದಿದೆ. ನನಗೂ ಐವತ್ತು ದಾಟಿತು. ಒಂದು ಸಂಜೆ ಗೆಳತಿಯೊಬ್ಬಳಿಗೆ ಫೋನಿನಲ್ಲಿ ನಾನೂ ಹೇಳಿದೆ: “ನನಗೆ ನಿಂತಿತು ಕಣೆ.” ಅದೇ ವಾಕ್ಯ, ಅದೇ ದೋಷ!

ವಾಚಕರೇ, ಈ ಪತ್ರಿಕೆ ಮನೆಯಲ್ಲಿ ಎಲ್ಲರ ಕೈಗೂ ಸಿಕ್ಕುವಂಥದು. ಆದುದರಿಂದ ಈ ವಿಷಯವನ್ನು ಇಲ್ಲಿ ಎತ್ತಿದುದಕ್ಕೆ ಕೆಲವರಿಗೆ ಸಂಕೋಚವಾದೀತು. ಎಲ್ಲರ ಕೈಗೂ ಸಿಕ್ಕಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಹೆಂಗಸರ ಮುಟ್ಟು ನಡುವಯಸ್ಸಿನಲ್ಲಿ ನಿಲ್ಲುವುದೆಂಬುದು ಹೊಸ ಸಂಗತಿಯಲ್ಲ. ಆದರೆ ಅದಕ್ಕೊಂದು ಹೆಸರಿಟ್ಟು, ಅದನ್ನು ರೋಗವೆಂದು ಕರೆದು, ಅದಕ್ಕೆ ಮದ್ದು ಮಾರಿದ ಚರಿತ್ರೆ ಇನ್ನೂರು ವರ್ಷಗಳದು. ಆ ಚರಿತ್ರೆಯನ್ನು ತಿಳಿದರೆ ನಮ್ಮ ಮನೆಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ತಿಳಿಯುತ್ತದೆ. ಅದನ್ನು ತಿಳಿಯದೆ ನಮ್ಮ ಮನೆ ತೆತ್ತ ಬೆಲೆಯನ್ನು ಕಡೆಯಲ್ಲಿ ಹೇಳುತ್ತೇನೆ.

ಮೊದಲು ಮಾತಿನ ವಿಚಾರ. ಹುಡುಗಿ ಮೈನೆರೆದಾಗ ನಮ್ಮ ಕಡೆ ಒಸಗೆ ಮಾಡುತ್ತಾರೆ. ಆರತಿ, ಹಾಡು, ಚಿಗಳಿ ತಂಬಿಟ್ಟು, ಹೊಸ ಸೀರೆ ಎಲ್ಲ ಉಂಟು. ‘ಮೈನೆರೆದಳು’, ‘ದೊಡ್ಡವಳಾದಳು’, ‘ಋತುಮತಿಯಾದಳು’ ಎಂದು ಮಾತುಗಳೂ ಬೇಕಾದಷ್ಟಿವೆ. ತಿಂಗಳು ತಿಂಗಳಿನ ಮುಟ್ಟಿಗೆ ‘ಹೊರಗಾದಳು’, ‘ದೂರ ಕೂತಳು’, ‘ಕಾಗೆ ಮುಟ್ಟಿತು’ ಎಂದು ಮರೆಮಾತುಗಳ ಸಾಲೇ ಇದೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳಲ್ಲಿ ರಜಸ್ಸೂತಕವನ್ನೂ ಸೇರಿಸಿ ಅದನ್ನು ತಳ್ಳಿಹಾಕಿದರು. ಆದರೂ ಮಾತಿನಲ್ಲಿ ಆ ಮರೆ ಉಳಿಯಿತು. ಅದು ಮುಗಿಯುವ ದಿನಕ್ಕೆ ಮಾತ್ರ ಒಸಗೆಯೂ ಇಲ್ಲ, ಹಾಡೂ ಇಲ್ಲ. ಮನೆಯ ಬಳಕೆಯಲ್ಲಿ ಒಂದು ನಾಮಪದವೂ ಇಲ್ಲ. ‘ನಿಂತಿತು’ ಎಂಬ ಒಂಟಿ ಕ್ರಿಯಾಪದವೇ ಗತಿ.

ಪುಸ್ತಕದ ಕನ್ನಡ ಈ ಕೊರತೆಯನ್ನು ತುಂಬಲು ‘ಋತುಬಂಧ’ ಎಂಬ ಪದವನ್ನು ಬಳಸುತ್ತದೆ. ಹಿಂದಿಯವರು ‘ರಜೋನಿವೃತ್ತಿ’ ಎನ್ನುತ್ತಾರೆ. ಎರಡಕ್ಕೂ ವ್ಯತ್ಯಾಸವಿದೆ, ನೋಡಿ. ‘ಬಂಧ’ ಎಂದರೆ ಕಟ್ಟು, ತಡೆ. ಹರಿಯಬೇಕಾದುದು ಒಳಗೇ ಕಟ್ಟಿಕೊಂಡಿತೆಂಬ ಭಾವ ಅದರಲ್ಲಿ ಬರುತ್ತದೆ. ‘ನಿವೃತ್ತಿ’ ಎಂದರೆ ಕೆಲಸ ಮುಗಿಸಿ ಬಿಡುವು ಪಡೆದದ್ದು. ಪಿಂಚಣಿಯ ದಿನ ಎಣಿಸುತ್ತಿರುವ ನನ್ನಂಥ ಉಪಾಧ್ಯಾಯಿನಿಗೆ ಅದು ಚೆನ್ನಾಗಿ ತಿಳಿಯುವ ಮಾತು. ಇದು ಬರಿಯ ಪದಗಳ ಜಗಳವಲ್ಲ. ಕಟ್ಟಿಕೊಂಡಿತೋ, ಮುಗಿಯಿತೋ ಎಂಬ ಈ ಪ್ರಶ್ನೆಯ ಸುತ್ತಲೇ ವೈದ್ಯಶಾಸ್ತ್ರದ ಚರಿತ್ರೆ ಬಹುಕಾಲ ಸುತ್ತಿತು.

ನಮ್ಮ ಪ್ರಾಚೀನ ವೈದ್ಯರು ‘ಮುಗಿಯಿತು’ ಎನ್ನುವ ಪಕ್ಷದವರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ರಜಸ್ಸು ೧೨ ವರ್ಷದ ಮೇಲೆ ತೊಡಗಿ ೫೦ರ ಹೊತ್ತಿಗೆ ಕ್ಷಯವಾಗುತ್ತದೆ ಎಂದು ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯವೂ ಇದೇ ಲೆಕ್ಕವನ್ನು ಕೊಡುತ್ತದೆ. ಸುಶ್ರುತವು ಮಾಗುವಿಕೆಯ ಮಾತನ್ನು ಬಳಸುತ್ತದೆ: ಹಣ್ಣು ಮಾಗಿದ ಹಾಗೆ ಮೈ ವಯಸ್ಸಿನಿಂದ ಮಾಗಿದಾಗ ಇದು ತಾನೇ ಕಳೆಯುತ್ತದೆ. ಗಮನಿಸಬೇಕಾದುದೇನೆಂದರೆ, ಈ ಗ್ರಂಥಗಳು ಇದನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಲಿಲ್ಲ; ದೇಹದ ಸಹಜ ನಡೆಯನ್ನು ವರ್ಣಿಸುವ ಕಡೆ ಹೇಳಿ ಮುಂದೆ ಸಾಗಿದುವು. ಗ್ರೀಸ್ ದೇಶದಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು, ಹೆಚ್ಚಿನ ಹೆಂಗಸರಿಗೆ ೪೦ರ ಸುಮಾರಿನಲ್ಲಿ, ಕೆಲವರಿಗೆ ೫೦ರವರೆಗೆ ಎಂದು ಬರೆದ. ಇಂದಿನ ಲೆಕ್ಕವೂ ಇದಕ್ಕೆ ಬಹಳ ದೂರವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ೫೧. ನಮ್ಮ ದೇಶದಲ್ಲಿ ೪೬–೪೭.

ಆಗುವುದಾದರೂ ಏನು? ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಅವುಗಳಲ್ಲಿ ಬಲಿತು ಹೊರಬರುವುವು ಜೀವಮಾನದಲ್ಲಿ ನಾಲ್ಕುನೂರರಷ್ಟು. ಮಿಕ್ಕುವು ಒಳಗೇ ಕರಗಿಹೋಗುತ್ತವೆ. ಹಗೇವಿನ ಧಾನ್ಯ ತೀರುತ್ತ ಬಂದಂತೆ, ಐವತ್ತರ ಆಸುಪಾಸಿನಲ್ಲಿ ಈ ಸಂಗ್ರಹ ತೀರುತ್ತ ಬರುತ್ತದೆ. ಅಂಡಾಶಯವು ರಕ್ತಕ್ಕೆ ಬಿಡುತ್ತಿದ್ದ ಈಸ್ಟ್ರೋಜನ್ ಎಂಬ ರಸ ಕಡಮೆಯಾಗುತ್ತದೆ. ಮುಟ್ಟು ಏರುಪೇರಾಗಿ ಕಡೆಗೆ ನಿಲ್ಲುತ್ತದೆ. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟಾಗದಿದ್ದರೆ ‘ನಿಂತಿತು’ ಎಂದು ಲೆಕ್ಕ. ಮೈಯ ಉಷ್ಣವನ್ನು ಅಂಕೆಯಲ್ಲಿಡುವ ಮೆದುಳಿನ ಭಾಗವು ಈ ಬದಲಾವಣೆಯಿಂದ ಗಲಿಬಿಲಿಗೊಳ್ಳುವುದರಿಂದಲೇ ಇದ್ದಕ್ಕಿದ್ದಂತೆ ಮುಖ ಕತ್ತುಗಳಿಗೆ ಬಿಸಿ ಏರುವುದು, ನಡುರಾತ್ರಿ ಬೆವರುವುದು. ಒಳಗೆ ಏನೂ ಕಟ್ಟಿಕೊಂಡಿರುವುದಿಲ್ಲ.

ಯೂರೋಪಿನ ವೈದ್ಯರು ಮಾತ್ರ ಬಹುಕಾಲ ‘ಕಟ್ಟಿಕೊಂಡಿತು’ ಎಂದೇ ನಂಬಿದ್ದರು. ಹೆಣ್ಣಿನ ಮೈಯಲ್ಲಿ ಹೆಚ್ಚಾದ ರಕ್ತ ತಿಂಗಳಿಗೊಮ್ಮೆ ಹೊರಗೆ ಹೋಗಬೇಕು. ಹೋಗದಿದ್ದರೆ ಒಳಗುಳಿದು ವಿಷವಾಗಿ ತಲೆಗೋ ಎದೆಗೋ ಏರುತ್ತದೆ ಎಂದು ಅವರ ಸಿದ್ಧಾಂತ. ಆದುದರಿಂದ ನಾಳವನ್ನು ಕೊಯ್ದು ರಕ್ತ ತೆಗೆಯುವುದು, ಜಿಗಣೆ ಕಚ್ಚಿಸುವುದು, ಭೇದಿಗೆ ಕೊಡುವುದು ಚಿಕಿತ್ಸೆಯಾಗಿತ್ತು. ನಗಬೇಡಿ. “ಕೆಟ್ಟ ರಕ್ತ ಒಳಗೇ ಉಳಿದುಬಿಟ್ಟಿತು” ಎಂದು ಹೇಳುವ ಅಜ್ಜಿಯರು ನಮ್ಮ ಬೀದಿಗಳಲ್ಲೂ ಇದ್ದಾರೆ. ಈ ಭಯದ ನಡುವೆ ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ೧೭೭೬ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಈ ಕಾಲವನ್ನು ಆತಂಕದಿಂದ ಎದುರುನೋಡುವಂತೆ ಹೆಂಗಸರಿಗೆ ಕಲಿಸಿಬಿಟ್ಟಿದ್ದಾರೆ ಎಂಬ ಮಾತಿನಿಂದಲೇ ಅವನು ಅದನ್ನು ಆರಂಭಿಸಿದ್ದ. ಭಯವೂ ಕಲಿತದ್ದೇ ಎಂಬ ಈ ವಿವೇಕದ ಮಾತನ್ನು ಮುಂದಿನವರು ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಸರಿಟ್ಟವರು ಫ್ರೆಂಚರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿನ ವೈದ್ಯವಿದ್ಯಾರ್ಥಿಗಳಿಗೆ ‘ಹೆಂಗಸರ ವಿಷಮ ವಯಸ್ಸು’ ಎಂಬುದು ಪ್ರಬಂಧಕ್ಕೆ ಮೆಚ್ಚಿನ ವಸ್ತುವಾಗಿತ್ತು. ‘ಹೆಂಗಸರ ನರಕ’, ‘ಹೆಂಗಸರ ಚಳಿಗಾಲ’ ಎಂದೆಲ್ಲ ಹೆಸರುಗಳೂ ಇದ್ದುವು. ಶಾರ್ಲ್ ದ ಗಾರ್ಡಾನ್ ಎಂಬ ವೈದ್ಯ ೧೮೧೬ರಲ್ಲಿ ಈ ವಯಸ್ಸಿಗೆ ಕಾಲಿಡುವ ಹೆಂಗಸರಿಗೆ ಬುದ್ಧಿವಾದದ ಒಂದು ಪುಸ್ತಕ ಬರೆದು, ಗ್ರೀಕ್ ಪದಗಳನ್ನು ಜೋಡಿಸಿ ಹೊಸ ಹೆಸರೊಂದನ್ನು ಕಟ್ಟಿದ. ೧೮೨೧ರಲ್ಲಿ ಅದನ್ನು ಚಿಕ್ಕದಾಗಿಸಿ ‘ಮೆನೋಪಾಸ್’ ಎಂದ. ‘ಮೆನ್’ ಎಂದರೆ ತಿಂಗಳು. ನಮ್ಮ ‘ಮಾಸ’ ಶಬ್ದದ ದಾಯಾದಿ. ‘ಪಾಸ್’ ಎಂದರೆ ನಿಲುಗಡೆ. ಇಂಗ್ಲಿಷಿನ ‘ಮೆನೋಪಾಸ್’ ಬಂದದ್ದು ಇಲ್ಲಿಂದ. ಇಷ್ಟೇ ಆಗಿದ್ದರೆ ಅದು ಒಳ್ಳೆಯ ಪಾರಿಭಾಷಿಕ ಪದ. ಆದರೆ ಆ ಹೆಸರಿನಡಿಯಲ್ಲಿ ಗಾರ್ಡಾನನು ತಲೆನೋವಿನಿಂದ ಹಿಡಿದು ಬಗೆಬಗೆಯ ಕಾಯಿಲೆಗಳನ್ನು ತಂದು ಸೇರಿಸಿದ. ವ್ಯಾಕರಣದಲ್ಲಿ ಒಂದು ಸಂಜ್ಞೆ ಮಾಡಿಬಿಟ್ಟರೆ ಆಮೇಲೆ ಸೂತ್ರಗಳೆಲ್ಲ ಅದಕ್ಕೆ ಬಂದು ಅಂಟಿಕೊಳ್ಳುವುವಲ್ಲ, ಹಾಗಾಯಿತು.

ಹೆಂಗಸರನ್ನು ಕೇಳಿ ತಿಳಿಯುವ ಪ್ರಯತ್ನವೂ ನಡೆಯದೆ ಇರಲಿಲ್ಲ. ಲಂಡನ್ನಿನ ಎಡ್ವರ್ಡ್ ಟಿಲ್ಟ್ ೧೮೫೭ರ ತನ್ನ ಗ್ರಂಥದಲ್ಲಿ ೫೦೦ ಮಂದಿ ಹೆಂಗಸರ ವಿವರಗಳನ್ನು ಕಲೆಹಾಕಿದ್ದ. ಆದರೆ ಅವನು ಸೂಚಿಸಿದ ಚಿಕಿತ್ಸೆಗಳಲ್ಲಿ ಹಳೆಯ ರಕ್ತ ತೆಗೆಯುವಿಕೆ, ಭೇದಿ, ಅಫೀಮುಗಳು ಇದ್ದೇ ಇದ್ದುವು.

ಇನ್ನೊಂದು ದಿಕ್ಕಿನಿಂದ ಚಾಕು ಬಂತು. ೧೮೭೨ರಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದ ಶಸ್ತ್ರವೈದ್ಯ ರಾಬರ್ಟ್ ಬ್ಯಾಟಿ, ಮುಟ್ಟಿನ ಕಾಲದಲ್ಲಿ ತೀವ್ರವಾಗಿ ನರಳುತ್ತಿದ್ದ ಯುವತಿಯೊಬ್ಬಳ ಎರಡು ಅಂಡಾಶಯಗಳನ್ನೂ ತೆಗೆದುಹಾಕಿದ. ವಯಸ್ಸಿಗೆ ಮೊದಲೇ ಮುಟ್ಟು ನಿಲ್ಲಿಸಿಬಿಟ್ಟರೆ ನರಳಾಟವೂ ನಿಲ್ಲುವುದೆಂದು ಅವನ ಎಣಿಕೆ. ಆಕೆ ಬದುಕಿದಳು, ಆ ಕ್ರಮಕ್ಕೆ ‘ಬ್ಯಾಟಿಯ ಶಸ್ತ್ರಕ್ರಿಯೆ’ ಎಂದು ಹೆಸರಾಯಿತು. ಮುಂದಿನ ವರ್ಷಗಳಲ್ಲಿ ಮೂರ್ಛೆಗೆ, ಮನೋವ್ಯಥೆಗೆ, ಹಠಕ್ಕೆ ಕೂಡ ಮದ್ದೆಂದು ಬಹಳ ಮಂದಿ ಹೆಂಗಸರ ಆರೋಗ್ಯವಾದ ಅಂಡಾಶಯಗಳನ್ನು ಕತ್ತರಿಸಿದರು. ಹಲವರು ಸತ್ತರು, ಉಳಿದವರು ಎಳೆಯ ವಯಸ್ಸಿನಲ್ಲೇ ಬಿಸಿ ಏರಿ, ಬೆವರಿ, ನಿದ್ರೆಗೆಟ್ಟರು.

ಆ ಹೆಂಗಸರ ಕಷ್ಟವೇ ವಿಜ್ಞಾನಕ್ಕೆ ಸುಳಿವು ಕೊಟ್ಟಿತೆಂಬುದು ವಿಧಿಯ ವ್ಯಂಗ್ಯ. ಅಂಡಾಶಯ ತೆಗೆದರೆ ಮುಟ್ಟು ನಿಲ್ಲುತ್ತದೆ, ಬಿಸಿ ಏರುತ್ತದೆ. ಹಾಗಾದರೆ ಅಲ್ಲಿಂದ ಮೈಗೆಲ್ಲ ಏನೋ ಒಂದು ವಸ್ತು ಹೋಗುತ್ತಿರಬೇಕು. ೧೮೯೬ರಲ್ಲಿ ವಿಯೆನ್ನದ ಎಮಿಲ್ ಕ್ನಾವರ್ ಮೊಲದ ಅಂಡಾಶಯವನ್ನು ಅದರ ಸ್ಥಾನದಿಂದ ತೆಗೆದು ಅದೇ ಮೈಯ ಬೇರೆಡೆಗೆ ಕಸಿಮಾಡಿದ, ಗರ್ಭಾಶಯ ಬಾಡಲಿಲ್ಲ. ಆ ವಸ್ತು ರಕ್ತದ ಮೂಲಕ ಸಾಗುತ್ತದೆಂದು ಇದರಿಂದ ತಿಳಿಯಿತು. ಇಂಥ ವಸ್ತುಗಳಿಗೆ ‘ಹಾರ್ಮೋನ್’ ಎಂಬ ಹೆಸರು ಬಂದದ್ದು ೧೯೦೫ರಲ್ಲಿ. ೧೯೨೩ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಎಡ್ಗರ್ ಆಲೆನ್, ಎಡ್ವರ್ಡ್ ಡಾಯ್ಸಿ ಇಬ್ಬರೂ ಹಂದಿಯ ಅಂಡಾಶಯದ ದ್ರವದಲ್ಲಿ ಅದನ್ನು ಗುರುತಿಸಿದರು. ೧೯೨೯ರಲ್ಲಿ ಡಾಯ್ಸಿಯೂ ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟನೂ ಬೇರೆಬೇರೆಯಾಗಿ, ಬಸುರಿಯರ ಮೂತ್ರದಿಂದ ಅದರ ಶುದ್ಧ ಹರಳುಗಳನ್ನು ಪಡೆದರು. ಇನ್ನು ಮಾರುಕಟ್ಟೆ ದೂರವಿರಲಿಲ್ಲ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ‘ಪ್ರೆಮರಿನ್’ ಎಂಬ ಗುಳಿಗೆ ಕೆನಡದಲ್ಲಿ ೧೯೪೧ರಲ್ಲಿ, ಅಮೆರಿಕದಲ್ಲಿ ೧೯೪೨ರಲ್ಲಿ ಅಂಗಡಿಗೆ ಬಂತು. ಬಿಸಿ ಏರುವುದನ್ನು ಅದು ನಿಜವಾಗಿಯೂ ಶಮನ ಮಾಡುತ್ತಿತ್ತು. ಆ ಮಾತನ್ನು ಮರೆಮಾಚಬಾರದು.

ಔಷಧ ಒಳ್ಳೆಯದಾದರೂ ಅದನ್ನು ಮಾರುವ ಮಾತು ಕೆಟ್ಟದಾಗಬಹುದು. ೧೯೬೬ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನಿನ್ ಫಾರೆವರ್’ ಎಂಬ ಪುಸ್ತಕ ಬರೆದ. ಮುಟ್ಟು ನಿಲ್ಲುವುದು ಒಂದು ಕೊರತೆಯ ರೋಗ, ಸಕ್ಕರೆ ಕಾಯಿಲೆಯಿದ್ದಂತೆ. ಸಕ್ಕರೆಯವರಿಗೆ ಇನ್ಸುಲಿನ್ ಹೇಗೋ ಇವರಿಗೆ ಈ ಗುಳಿಗೆ ಹಾಗೆ. ನುಂಗುತ್ತಿದ್ದರೆ ಹೆಣ್ಣು ಎಂದೆಂದಿಗೂ ಹೆಣ್ಣಾಗಿಯೇ ಇರುವಳು ಎಂದು ಸಾರಿದ. ನಿಂತ ಮೇಲೆ ಹೆಣ್ಣಲ್ಲವೆ? ನಮ್ಮ ಅಮ್ಮಂದಿರು, ಅಜ್ಜಿಯರು ಯಾರು ಹಾಗಾದರೆ? ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ವಿಲ್ಸನ್ನನ ಕೆಲಸಕ್ಕೆ ಔಷಧ ಕಂಪನಿಗಳ ಹಣ ಸಂದಿತ್ತೆಂಬುದು ಆಮೇಲೆ ಬಯಲಾಯಿತು. ಅಷ್ಟರಲ್ಲಿ ಆ ಗುಳಿಗೆ ಅಮೆರಿಕದ ವೈದ್ಯರು ಅತಿ ಹೆಚ್ಚು ಬರೆದುಕೊಡುವ ಔಷಧಗಳಲ್ಲಿ ಒಂದಾಗಿತ್ತು.

ಪೆಟ್ಟು ಬಿದ್ದದ್ದು ೧೯೭೫ರ ಡಿಸೆಂಬರಿನಲ್ಲಿ. ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದುವು. ಈಸ್ಟ್ರೋಜನ್ ಒಂದನ್ನೇ ನುಂಗಿದವರಿಗೆ ಗರ್ಭಾಶಯದ ಒಳಪದರದ ಕ್ಯಾನ್ಸರಿನ ಅಪಾಯ ನಾಲ್ಕೂವರೆ ಪಟ್ಟು ಎಂದು ಒಂದು, ಏಳೂವರೆ ಪಟ್ಟಿಗೂ ಮೇಲೆ ಎಂದು ಇನ್ನೊಂದು ಹೇಳಿದುವು. ಆ ಮೇಲೆ ಗರ್ಭಾಶಯವಿದ್ದವರಿಗೆ ಪ್ರೊಜೆಸ್ಟೋಜನ್ ಎಂಬ ಎರಡನೆಯ ಹಾರ್ಮೋನನ್ನು ಜೊತೆಗೆ ಕೊಟ್ಟು ಒಳಪದರವನ್ನು ಕಾಪಾಡುವ ಕ್ರಮ ಬಂತು. ಗುಳಿಗೆಗೆ ಮತ್ತೆ ಮರ್ಯಾದೆ ಬಂತು. ಹೃದಯಕ್ಕೂ ರಕ್ಷೆ ಎಂಬ ಪ್ರಚಾರವೂ ಸೇರಿತು.

ಅದನ್ನು ಒರೆಗೆ ಹಚ್ಚಲು ಅಮೆರಿಕ ಸರ್ಕಾರ ೧೯೯೧ರಲ್ಲಿ ಒಂದು ಭಾರಿ ಅಧ್ಯಯನವನ್ನು ಕೈಗೊಂಡಿತು. ಎರಡು ಹಾರ್ಮೋನುಗಳನ್ನು ಕೂಡಿಸಿ ಕೊಟ್ಟು ನೋಡಿದ ಭಾಗದಲ್ಲಿ ೧೬,೬೦೮ ಮಂದಿ ಹೆಂಗಸರಿದ್ದರು. ೨೦೦೨ರ ಜುಲೈನಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ವರ್ಷಕ್ಕೆ ೧೦,೦೦೦ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ೮ ಮಂದಿಗೆ, ಲಕ್ವ ೮ ಮಂದಿಗೆ, ಹೃದಯಾಘಾತ ೭ ಮಂದಿಗೆ ಹೆಚ್ಚಾಗಿ ಕಂಡಿತು. ಸೊಂಟದ ಮೂಳೆ ಮುರಿತ ೫ ಮಂದಿಗೆ ಕಡಮೆಯಾಯಿತು. ಸುದ್ದಿ ಕೇಳಿ ಲಕ್ಷಾಂತರ ಹೆಂಗಸರು ಗುಳಿಗೆಯನ್ನು ಬಚ್ಚಲಿಗೆ ಎಸೆದರು. ಇದೂ ಅತಿಯೇ ಆಯಿತು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು ೬೩. ಮುಟ್ಟು ಆಗತಾನೆ ನಿಂತು ತೀವ್ರವಾಗಿ ನರಳುವ ಐವತ್ತರವಳ ಲೆಕ್ಕವೇ ಬೇರೆ. ಅಂಥವಳಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ವೈದ್ಯರ ಕಣ್ಣೆದುರಿನಲ್ಲಿ ಈ ಚಿಕಿತ್ಸೆಯಿಂದ ಕೆಡುಕಿಗಿಂತ ಒಳಿತೇ ಹೆಚ್ಚೆಂದು ಈಗಿನ ತಜ್ಞರ ಮತ. ಅಮೃತವೂ ಅಲ್ಲ, ವಿಷವೂ ಅಲ್ಲ; ಅದು ಔಷಧ.

ಈ ಗದ್ದಲದ ನಡುವೆ ಕೆಲವರು ಬೇರೆ ದೇಶಗಳ ಹೆಂಗಸರನ್ನು ಹೋಗಿ ಮಾತನಾಡಿಸಿದರು. ಮಾರ್ಷ ಫ್ಲಿಂಟ್ ಎಂಬ ಅಮೆರಿಕದ ವಿದುಷಿ ನಮ್ಮ ರಾಜಸ್ಥಾನ, ಹಿಮಾಚಲ ಪ್ರದೇಶಗಳ ೪೮೩ ಮಂದಿ ರಜಪೂತ ಸ್ತ್ರೀಯರನ್ನು ಕಂಡು ೧೯೭೫ರಲ್ಲಿ ಒಂದು ಲೇಖನ ಬರೆದಳು. ಅವರಲ್ಲಿ ಬಹುಮಂದಿಗೆ ಹೇಳಿಕೊಳ್ಳುವಂಥ ತೊಂದರೆಯೇ ಇರಲಿಲ್ಲ. ಮುಟ್ಟು ನಿಂತ ಮೇಲೆ ಪರದೆಯಿಂದ ಹೊರಬಂದು ಗಂಡಸರ ಜೊತೆ ಕುಳಿತು ಮಾತನಾಡುವ ಸ್ವಾತಂತ್ರ್ಯ ಅವರಿಗೆ ದೊರೆಯುತ್ತಿತ್ತು. ಮಾರ್ಗರೆಟ್ ಲಾಕ್ ಎಂಬಾಕೆ ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಪಾನಿನ ಕಥೆಯಿದೆ. ಅಮೆರಿಕ, ಕೆನಡಗಳಲ್ಲಿ ಸುಮಾರು ಮೂವರಲ್ಲಿ ಒಬ್ಬಳು ಬಿಸಿ ಏರುವುದನ್ನು ಹೇಳಿದರೆ, ಜಪಾನಿನಲ್ಲಿ ಹತ್ತು ಮಂದಿಯಲ್ಲಿ ಒಬ್ಬಳು. ಅಲ್ಲಿಯವರು ಹೇಳಿದ್ದು ಹೆಚ್ಚಾಗಿ ಹೆಗಲ ಬಿಗಿತ, ತಲೆನೋವುಗಳನ್ನು. ಅವರು ಈ ಕಾಲವನ್ನು ‘ಕೋನೆಂಕಿ’ ಎನ್ನುತ್ತಾರೆ; ವರ್ಷಗಳು ಹೊಸತಾಗುವ ಅವಧಿ ಎಂಬ ಅರ್ಥ ಆ ಅಕ್ಷರಗಳಿಂದ ಹೊರಡುತ್ತದೆ. ಹಾಗೆಂದು ನಮ್ಮವರಿಗೆ ತೊಂದರೆಯೇ ಇಲ್ಲವೆಂದು ತಿಳಿಯಬಾರದು. ಮುಂದಿನ ಅಧ್ಯಯನಗಳಲ್ಲಿ ಭಾರತೀಯ ಹೆಂಗಸರು ಕೀಲುನೋವು, ಆಯಾಸ, ನಿದ್ರೆಗೇಡು, ಬಿಸಿ ಏರುವಿಕೆ ಎಲ್ಲವನ್ನೂ ಹೇಳಿಕೊಂಡಿದ್ದಾರೆ. ಕೇಳುವವರಿದ್ದರೆ ಹೇಳುತ್ತಾರೆ.

ಪ್ರಕೃತಿ ಇದನ್ನು ಏತಕ್ಕೆ ಇಟ್ಟಿತು? ಹೆಚ್ಚಿನ ಪ್ರಾಣಿಗಳು ಸಾಯುವ ಹತ್ತಿರದವರೆಗೂ ಮರಿ ಹಾಕುತ್ತವೆ. ಮನುಷ್ಯಳು ಮಾತ್ರ ಹೆರುವ ಕಾಲ ಮುಗಿದ ಮೇಲೆ ಮೂವತ್ತು ನಲವತ್ತು ವರ್ಷ ಬಾಳುತ್ತಾಳೆ. ಕ್ರಿಸ್ಟನ್ ಹಾಕ್ಸ್ ಮತ್ತು ಆಕೆಯ ಸಹೋದ್ಯೋಗಿಗಳು ಆಫ್ರಿಕದ ತಾಂಜಾನಿಯ ದೇಶದ ಹಾಡ್ಜಾ ಜನರ ನಡುವೆ ಇದ್ದು, ೧೯೯೭–೯೮ರಲ್ಲಿ ಒಂದು ಉತ್ತರ ಕೊಟ್ಟರು. ಅಲ್ಲಿ ತಾಯಿ ಹೊಸ ಕೂಸಿಗೆ ಹಾಲೂಡುತ್ತಿರುವಾಗ ಗಟ್ಟಿ ನೆಲ ಅಗೆದು ಗೆಡ್ಡೆ ತಂದು ದೊಡ್ಡ ಮಕ್ಕಳ ಹೊಟ್ಟೆ ತುಂಬಿಸುವವಳು ಅಜ್ಜಿ. ಅಜ್ಜಿಯಿದ್ದ ಮಕ್ಕಳು ಬದುಕಿದರು. ಹೀಗೆ ದೀರ್ಘಾಯುಸ್ಸು ವಂಶದಲ್ಲಿ ಉಳಿಯಿತು ಎಂಬುದು ಅವರ ವಾದ. ಕಡಲಿನಲ್ಲಿ ಓರ್ಕಾ ಎಂಬ ತಿಮಿಂಗಿಲದ ಹೆಣ್ಣುಗಳೂ ನಲವತ್ತರ ಸುಮಾರಿಗೆ ಮರಿ ಹಾಕುವುದನ್ನು ನಿಲ್ಲಿಸಿ ಇನ್ನೂ ಹಲವು ದಶಕ ಬಾಳಬಲ್ಲುವು. ಮೀನು ಕಡಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಈಜಿ ದಾರಿ ತೋರುವುವು ಆ ಮುದುಕಿಯರೇ ಎಂದು ೨೦೧೫ರ ಒಂದು ಅಧ್ಯಯನ ತೋರಿಸಿತು. ಮಗಳ ಬಾಣಂತನಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತುವ ತಾಯಂದಿರಿಗೆ ಇದನ್ನು ಯಾವ ಪಂಡಿತರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ಮನೆಬಾಗಿಲಿನ ಮಾತು. ಬ್ಯಾಟಿಯ ಚಾಕು ಹಳೆಯ ಕಥೆಯೆಂದು ನೆಮ್ಮದಿಯಾಗಿರುವಂತಿಲ್ಲ. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ೮೨,೦೦೦ಕ್ಕೂ ಮೇಲ್ಪಟ್ಟ ಹೆಂಗಸರನ್ನು ೨೦೧೯ರಲ್ಲಿ ವಿಚಾರಿಸಿದಾಗ, ೧೩,೦೦೦ಕ್ಕೂ ಹೆಚ್ಚು ಮಂದಿ ಗರ್ಭಾಶಯ ತೆಗೆಸಿಕೊಂಡದ್ದು ತಿಳಿದುಬಂತು. ಹಲವರು ಮೂವತ್ತರ ಹರೆಯದವರು. ಮುಟ್ಟಾದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ದಂಡ. ಬಿಳಿಮುಟ್ಟಿಗೆ, ಹೊಟ್ಟೆನೋವಿಗೆ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ತೆಗೆದದ್ದೂ ಉಂಟು. ಇಂಥ ಅನಗತ್ಯ ಶಸ್ತ್ರಕ್ರಿಯೆಗಳ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, ೨೦೨೩ರ ಏಪ್ರಿಲಿನಲ್ಲಿ ನ್ಯಾಯಾಲಯವು ರಾಜ್ಯಗಳೆಲ್ಲ ಮೂರು ತಿಂಗಳೊಳಗೆ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಆಜ್ಞೆ ಮಾಡಿತು. ಗರ್ಭಾಶಯವನ್ನು ತೆಗೆಯಲೇಬೇಕಾದ ಸಂದರ್ಭಗಳಿವೆ. ಆದರೆ “ಮಕ್ಕಳಾಯಿತಲ್ಲ, ಇನ್ನೇತಕ್ಕೆ ಬೇಕು” ಎಂಬ ಮಾತು ಕಾರಣವಾಗಲಾರದು. ಅದರ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರವಳ ಮೂಳೆ ಮುಪ್ಪಿನವಳ ಮೂಳೆಯ ಹಾದಿ ಹಿಡಿಯುತ್ತದೆ. ಎರಡನೆಯ ವೈದ್ಯರೊಬ್ಬರನ್ನು ಕೇಳದೆ ಒಪ್ಪಬೇಡಿ.

ನಮ್ಮ ಮನೆ ತೆತ್ತ ಬೆಲೆಯನ್ನು ಹೇಳುತ್ತೇನೆಂದಿದ್ದೆ. ನನ್ನ ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ಹಿರಿಯಳು. ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೆ ನಲವತ್ತೊಂಬತ್ತಕ್ಕೆ ನಿಂತಿತು. ಐವತ್ತಮೂರರಲ್ಲಿ ಮತ್ತೆ ಸ್ವಲ್ಪ ಸ್ವಲ್ಪ ಕಾಣಿಸಿಕೊಂಡಿತು. ಮೊಮ್ಮಗ ಅಂಬೆಗಾಲಿಡುತ್ತಿದ್ದ ಮನೆ. ಸೊಸೆಯ ಎದುರಿಗೆ ಹೇಳುವುದು ಹೇಗೆಂದು ಎಂಟು ತಿಂಗಳು ಬಾಯಿಬಿಡಲಿಲ್ಲ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ಬಟ್ಟೆ ಒಗೆದು ಹಾಕುತ್ತಿದ್ದಳಂತೆ. ಕಡೆಗೆ ಸುಸ್ತು ತಡೆಯದೆ ಒಬ್ಬ ವೈದ್ಯರಲ್ಲಿಗೆ ಹೋದಾಗ “ಈ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತದೆ” ಎಂದು ಟಾನಿಕ್ ಕೊಟ್ಟು ಕಳಿಸಿದರು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗರ್ಭಾಶಯದ ಕ್ಯಾನ್ಸರ್ ಬೇರೆಡೆಗೆ ಹರಡಿತ್ತು. ಐವತ್ತನಾಲ್ಕಕ್ಕೆ ಹೋದಳು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವಳ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತೆಗೆದೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿಗಳು, ತಿಂಗಳು ತಿಂಗಳಿಗೂ ಹೆಚ್ಚುತ್ತ ಹೋಗಿದ್ದುವು. ಲೆಕ್ಕ ಇಟ್ಟಿದ್ದಳು, ಯಾರಿಗೂ ತೋರಿಸಿರಲಿಲ್ಲ. ಪದಗಳನ್ನೇ ಕಲಿಸಿ ಸಂಬಳ ಪಡೆಯುವ ನಾನು ಅಕ್ಕನನ್ನು ಒಂದು ದಿನವಾದರೂ “ನಿಂತ ಮೇಲೆ ಹೇಗಿದ್ದೀಯೆ?” ಎಂದು ಕೇಳಿರಲಿಲ್ಲ.

ಆದುದರಿಂದ, ತಾಯಂದಿರೇ, ಮನೆಯ ಗಂಡಸರೇ, ಇಷ್ಟನ್ನು ಮಾತ್ರ ಮನಸ್ಸಿನಲ್ಲಿಡಿ. ಹನ್ನೆರಡು ತಿಂಗಳು ನಿಂತ ಮುಟ್ಟು ಮತ್ತೆ ಬರುವುದಿಲ್ಲ. ಆಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಮುಟ್ಟಲ್ಲ. ವಾರ ಕಳೆಯುವುದರೊಳಗೆ ವೈದ್ಯರಿಗೆ ತೋರಿಸಬೇಕು. ಹಾಗೆ ಕಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಗರ್ಭಾಶಯದ ಒಳಪದರದ ಕ್ಯಾನ್ಸರ್ ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಇದೇ ಲಕ್ಷಣ. ಬೇಗ ಹಿಡಿದರೆ ಬಹುಪಾಲು ಗುಣವಾಗುತ್ತದೆ. ವೈದ್ಯರು “ವಯಸ್ಸಿನ ತೊಂದರೆ” ಎಂದರೆ ಸುಮ್ಮನೆ ಎದ್ದು ಬರಬೇಡಿ. ಒಳಪದರದ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ.

ನಮ್ಮ ತಾಯಿಯ ವಾಕ್ಯವನ್ನು ನಲವತ್ತು ವರ್ಷಗಳ ಮೇಲೆ ತಿದ್ದುತ್ತಿದ್ದೇನೆ. ಮೊನ್ನೆ ಮಗಳೂ ಮಗನೂ ಊಟಕ್ಕೆ ಕುಳಿತಿದ್ದಾಗ ಅವರಿಬ್ಬರಿಗೂ ಕೇಳುವಂತೆ ಹೇಳಿದೆ: “ನನಗೆ ಮುಟ್ಟು ನಿಂತು ಎರಡು ವರ್ಷವಾಯಿತು. ಇನ್ನೊಮ್ಮೆ ಕಂಡರೆ ನಿಮಗೆ ಹೇಳುತ್ತೇನೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.” ಮಗ ತಟ್ಟೆಯ ಕಡೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, “ಆಯಿತಮ್ಮ” ಎಂದ. ಸಾರು ಬಡಿಸಿದೆ. ಆಕಾಶವೇನೂ ಕಳಚಿಬೀಳಲಿಲ್ಲ.